ಹತ್ತು ಸಾವಿರ ಟನ್ನಿನ ಲೆಕ್ಕ

ಶಿವಮೊಗ್ಗದಲ್ಲಿ ಕುಳಿತು ಯುದ್ಧನೌಕೆಯ ಮಾತಾಡುವುದು ಕೆಲವರಿಗೆ ತಮಾಷೆ ಎನಿಸಬಹುದು. ಇಲ್ಲಿಂದ ಕಡಲು ಕಾಣಬೇಕಾದರೆ ಘಟ್ಟ ಇಳಿಯಬೇಕು. ಕೆಳದಿಯ ಅರಸರ ಕಾಲದಲ್ಲಿ ಈ ಸೀಮೆಯ ಮೆಣಸು, ಅಕ್ಕಿ ಕರಾವಳಿಯ ಬಂದರುಗಳಿಗೆ ಇಳಿಯುತ್ತಿದ್ದವು, ನಿಜ. ಆದರೆ ಹಳೆಯ ಮೈಸೂರು ಸಂಸ್ಥಾನಕ್ಕೆ ಕಡಲೇ ಇರಲಿಲ್ಲ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗಲೇ ನಮಗೆ ಕರಾವಳಿ ದಕ್ಕಿದ್ದು. ಹಾಗಿದ್ದರೂ ಯುದ್ಧನೌಕೆಯ ಕತೆಯನ್ನು ಇಲ್ಲಿ ಹೇಳಲು ಕಾರಣವಿದೆ. ಆ ಕಾರಣ ಇರುವುದು ಪಕ್ಕದ ಭದ್ರಾವತಿಯಲ್ಲಿ, ಹಿಂದೆ ಬೆಂಕಿಪುರ ಎಂದು ಕರೆಸಿಕೊಂಡಿದ್ದ ಊರಿನಲ್ಲಿ.

1922ರ ಫೆಬ್ರವರಿ 6ರಂದು ವಾಷಿಂಗ್ಟನ್ ನಗರದಲ್ಲಿ ಬ್ರಿಟನ್, ಅಮೆರಿಕ, ಜಪಾನ್, ಫ್ರಾನ್ಸ್ ಮತ್ತು ಇಟಲಿ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಮೊದಲ ಮಹಾಯುದ್ಧ ಮುಗಿದಿತ್ತು. ನೌಕೆ ಕಟ್ಟುವ ಪೈಪೋಟಿ ಮಾತ್ರ ನಿಂತಿರಲಿಲ್ಲ. ಅದಕ್ಕೆ ಕಡಿವಾಣ ಹಾಕಲು ಕ್ರೂಸರ್ ಎಂಬ ವೇಗದ ಯುದ್ಧನೌಕೆಗೆ ಒಂದು ಮಿತಿ ಗೊತ್ತುಮಾಡಲಾಯಿತು. ಇಂಧನ ಮತ್ತು ಬಾಯ್ಲರಿನ ಮೀಸಲು ನೀರನ್ನು ಬಿಟ್ಟು ನೌಕೆಯ ತೂಕ 10,000 ಟನ್ ಮೀರಕೂಡದು. ಫಿರಂಗಿಯ ಬಾಯಿ 8 ಅಂಗುಲಕ್ಕಿಂತ ಅಗಲವಿರಕೂಡದು. ಮಿತಿ ಎಂದರೆ ಮೇಲಿನ ಗೆರೆ. ಆದರೆ ಎಲ್ಲ ದೇಶಗಳೂ ಆ ಗೆರೆಯನ್ನೇ ಗುರಿ ಮಾಡಿಕೊಂಡವು. ‘ಭಾರಿ ಕ್ರೂಸರ್’ ಎಂಬ ಜಾತಿ ಹುಟ್ಟಿದ್ದು ಹೀಗೆ.

ಇಂದು ಇಂಥ ನೌಕೆಯನ್ನು ಕಾಗದದ ಮೇಲೆ ಕಟ್ಟಿ ನೋಡಲು ನೌಕಾಶಿಲ್ಪಿಯೇ ಆಗಬೇಕಿಲ್ಲ. ಹವ್ಯಾಸಿಗಳಿಗಾಗಿ ‘ಸ್ಪ್ರಿಂಗ್‌ಶಾರ್ಪ್’ ಎಂಬ ಗಣಕಯಂತ್ರದ ತಂತ್ರಾಂಶವಿದೆ. ಉದ್ದ, ಅಗಲ, ವೇಗ, ಫಿರಂಗಿಗಳ ಸಂಖ್ಯೆ, ಕವಚದ ದಪ್ಪ ಇವನ್ನು ಕೊಟ್ಟರೆ, ಒಡಲು ಭಾರ ತಾಳುವುದೇ, ಅಲೆಗೆ ಮಗುಚುವುದೇ ಎಂಬುದನ್ನು ಅದು ಲೆಕ್ಕ ಹಾಕಿ ಹೇಳುತ್ತದೆ.

‘ಮೈಸೂರು’ ಎಂಬ ಹೆಸರಿನ ಒಂದು ಭಾರಿ ಕ್ರೂಸರನ್ನು 1927ರಲ್ಲಿ ಕಟ್ಟಬೇಕಾಗಿತ್ತು ಎಂದು ಊಹಿಸಿಕೊಳ್ಳೋಣ. ಕೈಯಲ್ಲಿರುವುದು 10,000 ಟನ್. ಎಂಟು ಫಿರಂಗಿಗಳನ್ನು ಎರಡೆರಡರಂತೆ ನಾಲ್ಕು ಗೋಪುರಗಳಲ್ಲಿ ಕೂರಿಸೋಣ. ಒಂದೊಂದು ಗೋಪುರ ಸುಮಾರು 200 ಟನ್. ಒಟ್ಟು 800 ಟನ್ ಹೋಯಿತು. ಯಂತ್ರಕೋಣೆ, ಮದ್ದಿನ ಮನೆಗಳ ಎರಡೂ ಮಗ್ಗುಲಿಗೆ 100 ಮೀಟರ್ ಉದ್ದ, 4 ಮೀಟರ್ ಎತ್ತರ, 75 ಮಿಲಿಮೀಟರ್ ದಪ್ಪದ ಉಕ್ಕಿನ ಪಟ್ಟಿ ಹೊದಿಸಿದರೆ ಸುಮಾರು 470 ಟನ್. ಮೇಲಿನಿಂದ ಬೀಳುವ ಗುಂಡಿಗೆ ತಡೆಯಾಗಿ ಅದೇ 100 ಮೀಟರಿಗೆ, 18 ಮೀಟರ್ ಅಗಲಕ್ಕೆ, ಬರೀ 50 ಮಿಲಿಮೀಟರ್ ದಪ್ಪದ ಅಟ್ಟ ಹಾಸಿದರೆ 700 ಟನ್. ಮಗ್ಗುಲಿಗಿಂತ ತಲೆಯ ಮೇಲಿನ ಸೂರೇ ದುಬಾರಿ ಎಂಬುದು ಮೊದಲ ಪಾಠ.

ಎರಡನೆಯದು ವೇಗದ ಪಾಠ. ನೀರನ್ನು ಸೀಳಲು ಬೇಕಾಗುವ ಶಕ್ತಿ ಸ್ಥೂಲವಾಗಿ ವೇಗದ ಘನದಂತೆ ಏರುತ್ತದೆ. 30 ನಾಟ್ ಇದ್ದ ವೇಗವನ್ನು 33ಕ್ಕೆ ಏರಿಸಿದರೆ, ಹೆಚ್ಚಾದದ್ದು ಹತ್ತರಲ್ಲಿ ಒಂದು ಪಾಲು ಮಾತ್ರ. ಯಂತ್ರಗಳ ಶಕ್ತಿ ಮೂರನೇ ಒಂದು ಪಾಲಿನಷ್ಟು ಹೆಚ್ಚಬೇಕು. ಯಂತ್ರ ಹೆಚ್ಚಿದರೆ ಅದನ್ನು ಇಡಲು ಉದ್ದದ ಒಡಲು ಬೇಕು. ಒಡಲು ಉದ್ದವಾದರೆ ಹೊದಿಸಬೇಕಾದ ಕವಚವೂ ಉದ್ದವಾಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ಇಲ್ಲಿ ಗಾದೆಯಲ್ಲ, ಗಣಿತ.

ನಿಜವಾಗಿ ನೌಕೆ ಕಟ್ಟಿದವರು ಈ ಇಕ್ಕಟ್ಟಿನಲ್ಲಿ ಹೇಗೆ ನಡೆದುಕೊಂಡರು? ಬ್ರಿಟನ್ನಿನ ‘ಕೆಂಟ್’ ವರ್ಗ ಎಂಟು ಫಿರಂಗಿಗಳನ್ನೂ ದೂರಯಾನದ ಸಾಮರ್ಥ್ಯವನ್ನೂ ಉಳಿಸಿಕೊಂಡಿತು. ಮದ್ದಿನ ಮನೆಗಳಿಗೆ ದಪ್ಪ ಕವಚ ಕೊಟ್ಟು, ಯಂತ್ರಕೋಣೆಯ ಮಗ್ಗುಲಿಗೆ ಒಂದು ಅಂಗುಲದ ಉಕ್ಕಿನಲ್ಲೇ ತೃಪ್ತಿಪಟ್ಟಿತು. ಅಮೆರಿಕದವರು ಮಿತಿ ಮೀರೀತೆಂಬ ಭಯದಲ್ಲಿ ಎಷ್ಟು ಬಿಗಿ ಹಿಡಿದರೆಂದರೆ, 1929ರಲ್ಲಿ ನೀರಿಗಿಳಿದ ‘ಪೆನ್ಸಕೋಲಾ’ ಸುಮಾರು 900 ಟನ್ ಹಗುರವಾಗಿ ಬಂತು. ಕವಚಕ್ಕೆ ಹಾಕಬಹುದಾಗಿದ್ದ ಅಷ್ಟು ಉಕ್ಕು ಲೆಕ್ಕದಲ್ಲೇ ಉಳಿದುಹೋಯಿತು. ಜಪಾನಿನ ‘ಮ್ಯೋಕೊ’ ಅದಕ್ಕೆ ತದ್ವಿರುದ್ಧ: ಎಲ್ಲವನ್ನೂ ಬಯಸಿ ಸುಮಾರು 1,000 ಟನ್ ಮಿತಿ ಮೀರಿತು. ಒಂದೇ ಗೆರೆಯ ಮುಂದೆ ಮೂರು ದೇಶಗಳ ಮೂರು ಸ್ವಭಾವಗಳು ಬಯಲಾದವು. ನೌಕೆಯನ್ನು ಅರಿಯಬೇಕಾದರೆ ಅದರಲ್ಲಿ ಏನಿದೆ ಎಂದು ಕೇಳಿದರೆ ಸಾಲದು, ಏನನ್ನು ಬಿಟ್ಟುಕೊಡಲಾಯಿತು ಎಂದೂ ಕೇಳಬೇಕು.

ಇನ್ನು ಭದ್ರಾವತಿ. ವಾಷಿಂಗ್ಟನ್ನಿನ ಸಹಿಗೆ ಇನ್ನೂ ವರ್ಷ ತುಂಬುವ ಮುನ್ನ, 1923ರ ಜನವರಿಯಲ್ಲಿ, ಮೈಸೂರು ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿತು. ಅದೂ ಒಂದು ಮಿತಿಯೊಳಗಿನ ವಿನ್ಯಾಸವೇ. ಕೆಮ್ಮಣ್ಣುಗುಂಡಿಯಲ್ಲಿ ಅದಿರಿತ್ತು, ಸುತ್ತ ಕಾಡಿತ್ತು, ಕಲ್ಲಿದ್ದಲು ಇರಲಿಲ್ಲ. ಆದ್ದರಿಂದ ಸೌದೆಯನ್ನು ಇದ್ದಿಲಾಗಿಸಿ ಅದರಿಂದಲೇ ಕಬ್ಬಿಣ ಕರಗಿಸಿದರು; ಸೌದೆಯ ಹೊಗೆಯನ್ನೂ ವ್ಯರ್ಥಮಾಡದೆ ಬಟ್ಟಿಯಿಳಿಸಿ ರಾಸಾಯನಿಕಗಳನ್ನು ತೆಗೆದರು. ಇದ್ದಿಲು ಹೆಚ್ಚು ಭಾರ ತಾಳದೆ ಪುಡಿಯಾಗುವುದರಿಂದ ಕುಲುಮೆಯನ್ನು ಮನಬಂದಷ್ಟು ಎತ್ತರಿಸುವಂತಿರಲಿಲ್ಲ. ಹೆಸರಾಂತ ಎಂಜಿನಿಯರ್ ವಿಶ್ವೇಶ್ವರಯ್ಯನವರು 1923ರಿಂದ 1929ರವರೆಗೆ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಈ ಇಕ್ಕಟ್ಟನ್ನೇ ನಿಭಾಯಿಸಿದರು.

ಆದರೆ ನಮ್ಮ ಊಹೆಯ ನೌಕೆಯನ್ನು ಆ ಕಾರ್ಖಾನೆ ಕಟ್ಟಲಾರದಾಗಿತ್ತು. ಅಲ್ಲಿ ಆಗ ಹೊರಬರುತ್ತಿದ್ದುದು ಬೀಡು ಕಬ್ಬಿಣ. ನೀರಿನ ಕೊಳವೆಗೆ ಅದು ಒಗ್ಗುತ್ತದೆ. ಪೆಟ್ಟು ಬಿದ್ದರೆ ಬಿರಿಯುತ್ತದೆ. ನೌಕೆಯ ಒಡಲಿಗೆ ಉಕ್ಕು ಬೇಕು, ಕವಚಕ್ಕೆ ನಿಕ್ಕೆಲ್, ಕ್ರೋಮಿಯಂ ಬೆರೆತ ವಿಶೇಷ ಉಕ್ಕು ಬೇಕು. ಭದ್ರಾವತಿಯಲ್ಲಿ ಉಕ್ಕಿನ ಘಟಕ ಬಂದದ್ದು 1936ರಲ್ಲಿ. ವಾಷಿಂಗ್ಟನ್ ಒಪ್ಪಂದ ಕೊನೆಗೊಂಡದ್ದೂ ಅದೇ ವರ್ಷದ ಡಿಸೆಂಬರ್ 31ರಂದು. ಒಪ್ಪಂದದ ಇಡೀ ಆಯುಷ್ಯ ನಮ್ಮವರಿಗೆ ಕಬ್ಬಿಣದಿಂದ ಉಕ್ಕಿನವರೆಗಿನ ದಾರಿ ಸವೆಸುವುದಕ್ಕೇ ಬೇಕಾಯಿತು.

ಮುಂದೆ ‘ಮೈಸೂರು’ ಹೆಸರಿನ ಕ್ರೂಸರ್ ನಿಜವಾಗಿಯೂ ಬಂತು, ಆದರೆ ಕೊಂಡು ತಂದದ್ದು. ಬ್ರಿಟನ್ನಿನಲ್ಲಿ ಕಟ್ಟಿ 1939ರಲ್ಲಿ ನೀರಿಗಿಳಿಸಿದ್ದ ‘ನೈಜೀರಿಯಾ’ ಎಂಬ ಹಗುರ ಕ್ರೂಸರ್ 1957ರ ಆಗಸ್ಟ್‌ನಲ್ಲಿ ಐಎನ್‌ಎಸ್ ಮೈಸೂರ್ ಆಯಿತು. ಅದರ ಫಿರಂಗಿಗಳ ಬಾಯಿ 6 ಅಂಗುಲ. ಹುಟ್ಟಿದಾಗ 12 ಫಿರಂಗಿಗಳಿದ್ದವು. ನಮ್ಮ ಧ್ವಜದಡಿ ಇದ್ದದ್ದು 9. 1971ರ ಯುದ್ಧದಲ್ಲಿ ಪಶ್ಚಿಮ ನೌಕಾಬಳಗದ ಧ್ವಜನೌಕೆಯಾಗಿ ದುಡಿದು ಅದು 1985ರಲ್ಲಿ ನಿವೃತ್ತವಾಯಿತು. ಅದೇ ಹೆಸರಿನ ಎರಡನೆಯ ನೌಕೆ ಮುಂಬಯಿಯಲ್ಲೇ ನಿರ್ಮಾಣವಾಗಿ 1999ರಲ್ಲಿ ಸೇನೆ ಸೇರಿತು. ಹೆಸರು ಅದೇ, ನಡುವೆ ಕಳೆದ ನಾಲ್ಕು ದಶಕಗಳಲ್ಲಿ ಕಟ್ಟುವ ಕೈ ನಮ್ಮದಾಗಿತ್ತು.

ತಂತ್ರಾಂಶಕ್ಕೆ ಈ ಭಾಗ ತಿಳಿಯದು. ಅದರ ಪಟ್ಟಿಯಲ್ಲಿ ಉಕ್ಕು ಎಂದರೆ ಒಂದು ತೂಕ, ಕೇಳಿದಷ್ಟು ಸಿಗುತ್ತದೆ. ಅದನ್ನು ಕಾಯಿಸಿ, ಎರೆದು, ಹದಮಾಡುವ ಊರಿಗೆ ಅಲ್ಲಿ ಕಲಮು ಇಲ್ಲ. 2023ರ ಜನವರಿಯಲ್ಲಿ ಭದ್ರಾವತಿ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಹೊರಬಿದ್ದಾಗ ಕಾರ್ಮಿಕರು ಹೋರಾಟಕ್ಕಿಳಿದರು. ಅದೇ ಆಗಸ್ಟ್‌ನಲ್ಲಿ ಒಂದು ಗಿರಣಿ ಮತ್ತೆ ತಿರುಗಿತು. ಕಾಗದದ ನೌಕೆಯಲ್ಲಿ ತಪ್ಪಾದರೆ ಅಂಕಿಯನ್ನು ಅಳಿಸಿ ಬೇರೆ ಬರೆಯಬಹುದು. ಮೂರು ತಲೆಮಾರು ಕಲಿತ ಕಸುಬು ಚದುರಿಹೋದರೆ ಅದನ್ನು ಹಾಗೆ ತಿದ್ದಲಾಗದು. ಹತ್ತು ಸಾವಿರ ಟನ್ನಿನ ಲೆಕ್ಕ ಮಾಡುವವರು ಈ ತೂಕವನ್ನೂ ಒಂದು ಸಾಲಿನಲ್ಲಿ ಬರೆದುಕೊಳ್ಳುವುದು ಒಳ್ಳೆಯದು.