ಮೇಲ್ತರದ ಪೆಟ್ರೋಲು



ಹೆಚ್ಚು ಬೆಲೆಯ ಪೆಟ್ರೋಲಿನಲ್ಲಿ ಹೆಚ್ಚು ಶಕ್ತಿಯಿದೆಯೆಂಬ ನಂಬಿಕೆ ಮೋಟಾರು ಉಳ್ಳವರಲ್ಲಿ ಬಹುಕಾಲದಿಂದ ಬೇರೂರಿರುವುದು. ಜಟ್ಟಿಗೆ ಹಾಲುತುಪ್ಪಗಳಿದ್ದಂತೆ ಎಂಜಿನ್ನಿಗೆ ಈ ತೈಲವೆಂದು ಅವರ ಎಣಿಕೆ. ಇದು ಎಷ್ಟರಮಟ್ಟಿಗೆ ಸರಿ ಎಂಬುದನ್ನು ವಿಚಾರಿಸೋಣ.

ಸಿಲಿಂಡರಿನೊಳಗೆ ಬಂದ ಪೆಟ್ರೋಲು ಮತ್ತು ಗಾಳಿಯ ಮಿಶ್ರಣವನ್ನು ಪಿಸ್ಟನ್ನು ಮೇಲೇರುತ್ತ ಒತ್ತಿ ಕುಗ್ಗಿಸುವುದು. ಆಗ ವಿದ್ಯುತ್ತಿನ ಕಿಡಿ ತಾಗಿ, ಉರಿಯು ಒಂದು ಕಡೆಯಿಂದ ಇನ್ನೊಂದು ಕಡೆಗೆ ಕ್ರಮವಾಗಿ ಹಬ್ಬಬೇಕು. ಆದರೆ ಒತ್ತಿದ ಅನಿಲವು ಕಾಯುವುದು ಸಹಜ. ಉರಿ ಬಂದು ಮುಟ್ಟುವುದಕ್ಕೆ ಮೊದಲೇ ಮೂಲೆಯಲ್ಲಿ ಉಳಿದ ಮಿಶ್ರಣವು ತಾನಾಗಿ ಹೊತ್ತಿ ಸಿಡಿದರೆ, ಕಬ್ಬಿಣವನ್ನು ಸುತ್ತಿಗೆಯಿಂದ ಬಡಿದಂತಹ ಶಬ್ದ ಕೇಳಿಸುವುದು. ಭಾರ ಹೊತ್ತ ಬಂಡಿಯನ್ನು ಮೇಲಿನ ಗೇರಿನಲ್ಲಿಯೇ ಘಟ್ಟ ಹತ್ತಿಸಿದವರು ಇದನ್ನು ಕೇಳಿರಬಹುದು. ಸಿಡಿತ ಜೋರಾಗಿ ಬಹುಕಾಲ ನಡೆದರೆ ಪಿಸ್ಟನ್ನೇ ತೂತುಬೀಳುವುದುಂಟು.

ಈ ಸಿಡಿತವನ್ನು ತಡೆಯುವ ಗುಣಕ್ಕೆ ಅಳತೆಗೋಲೇ ಆಕ್ಟೇನ್ ಸಂಖ್ಯೆ. 1920ರ ದಶಕದಲ್ಲಿ ಅಮೆರಿಕದ ಗ್ರಹಾಂ ಎಡ್ಗರ್ ಎಂಬ ರಸಾಯನಶಾಸ್ತ್ರಜ್ಞನು ಇದಕ್ಕೆ ತಳಹದಿ ಹಾಕಿದನು. ಬೇಗನೆ ಸಿಡಿಯುವ ಹೆಪ್ಟೇನಿಗೆ ಸೊನ್ನೆ. ಸುಲಭವಾಗಿ ಸಿಡಿಯದ ಐಸೊಆಕ್ಟೇನಿಗೆ 100. ಪೆಟ್ರೋಲಿನ ಸಂಖ್ಯೆ 95 ಎಂದರೆ, 95 ಪಾಲು ಐಸೊಆಕ್ಟೇನಿಗೆ 5 ಪಾಲು ಹೆಪ್ಟೇನು ಬೆರೆಸಿದ ದ್ರವದಷ್ಟು ತಾಳಿಕೆ ಅದಕ್ಕುಂಟು ಎಂದರ್ಥ. ಇಲ್ಲಿ ಶಾಖದ ಮಾತೇ ಇಲ್ಲ. ಎಥನಾಲಿನ ಸಂಖ್ಯೆ ನೂರನ್ನು ಮೀರಿದೆ. ಆದರೂ ಅದರ ಒಂದು ಲೀಟರು ಕೊಡುವ ಶಾಖವು ಪೆಟ್ರೋಲಿನದರ ಮೂರರಲ್ಲಿ ಎರಡು ಪಾಲು ಮಾತ್ರ.

ಹಾಗಾದರೆ ಪ್ರಯೋಜನವೆಲ್ಲಿ? ಎಂಜಿನ್ನಿನ ರಚನೆಯಲ್ಲಿ. ಮಿಶ್ರಣವನ್ನು ಹೆಚ್ಚು ಒತ್ತಿದಷ್ಟೂ ಅದೇ ಇಂಧನದಿಂದ ಹೆಚ್ಚು ಕೆಲಸ ದೊರೆಯುವುದು. 1908ರಲ್ಲಿ ಹೊರಬಂದ ಫೋರ್ಡಿನ 'ಮಾಡೆಲ್ ಟಿ' ಬಂಡಿಯಲ್ಲಿ ಮಿಶ್ರಣವು ಸುಮಾರು ನಾಲ್ಕರಲ್ಲೊಂದು ಪಾಲಿಗೆ ಕುಗ್ಗುತ್ತಿತ್ತು. ಇಂದಿನ ಹಲವು ಎಂಜಿನ್ನುಗಳಲ್ಲಿ ಹತ್ತರಲ್ಲೊಂದು ಪಾಲಿಗೂ ಕಡಮೆಯಾಗುವುದು. ಟರ್ಬೊ ಉಳ್ಳವುಗಳಲ್ಲಿ ಒತ್ತಡ ಇನ್ನೂ ಮಿಗಿಲು. ಅಂತಹ ಎಂಜಿನ್ನಿಗೆ ತಯಾರಕನು 95 ಬೇಕೆಂದಿದ್ದರೆ ಬೇಕೇ ಬೇಕು. ಕಡಮೆಯದನ್ನು ಹಾಕಿದರೆ, ಸಿಡಿತವನ್ನು ಗ್ರಹಿಸುವ ಸಾಧನವು ಕಿಡಿಯನ್ನು ತಡಮಾಡಿ ಎಂಜಿನ್ನನ್ನು ಕಾಪಾಡುವುದು. ಬಲವೂ ಮೈಲೇಜೂ ಕುಗ್ಗುವುವು. 91ಕ್ಕೆಂದೇ ರಚಿಸಿದ ಎಂಜಿನ್ನಿಗಾದರೋ 95ರಿಂದ ಹೇಳಿಕೊಳ್ಳುವ ಲಾಭವಿಲ್ಲ.

ಈ ಸಂಖ್ಯೆಯನ್ನು ಏರಿಸುವ ಹಂಬಲಕ್ಕೆ ಒಂದು ಕರಾಳ ಚರಿತ್ರೆಯೂ ಉಂಟು. 1921ರಲ್ಲಿ ಥಾಮಸ್ ಮಿಜ್ಲಿಯೆಂಬ ಅಮೆರಿಕದ ಎಂಜಿನಿಯರು, ಸೀಸದ ಒಂದು ಸಂಯುಕ್ತವನ್ನು ತುಸು ಬೆರೆಸಿದರೆ ಸಿಡಿತವಡಗುವುದೆಂದು ಕಂಡನು. 1924ರಲ್ಲಿ ನ್ಯೂಜೆರ್ಸಿಯ ಕಾರ್ಖಾನೆಯಲ್ಲಿ ಅದರ ವಿಷವೇರಿ ಕೆಲಸಗಾರರು ಸತ್ತರು. ಸೀಸವು ವಿಷವೆಂಬುದು ಆ ವೇಳೆಗೇ ತಿಳಿಯದ ಸಂಗತಿಯೇನಲ್ಲ. ಆದರೂ ಮಾರಾಟ ಮುಂದುವರಿಯಿತು. ಹೊಗೆಯೊಡನೆ ಬೀದಿಗೆ ಬಿದ್ದ ಸೀಸವು ಮಕ್ಕಳ ಮೆದುಳಿಗೆ ಮಾಡಿದ ಕೇಡನ್ನು ಯಾವ ಪಂಪಿನ ಬೆಲೆಪಟ್ಟಿಯೂ ತೋರಿಸಲಿಲ್ಲ. ಭಾರತದಲ್ಲಿ ಅದು ನಿಂತದ್ದು 2000ದಲ್ಲಿ. ಕೊನೆಯದಾಗಿ ಆಲ್ಜೀರಿಯದಲ್ಲಿ, 2021ರಲ್ಲಿ. ಈಗ ಶುದ್ಧೀಕರಣದ ಕ್ರಮದಿಂದಲೂ ಎಥನಾಲಿನಂತಹ ದ್ರವ್ಯಗಳಿಂದಲೂ ಸಂಖ್ಯೆಯನ್ನು ಏರಿಸುವರು.

ಇನ್ನು ಪಂಪಿನ ಮುಂದೆ ನಿಂತಾಗ ಮಾಡಬೇಕಾದದ್ದು. ಕೆಲವು 'ವಿಶೇಷ' ತೈಲಗಳಲ್ಲಿ ಮಿಗಿಲಾಗಿರುವುದು ಸಂಖ್ಯೆಯಲ್ಲ, ಮಸಿ ಕಟ್ಟದಂತೆ ತೊಳೆಯುವ ದ್ರವ್ಯ. ಆದುದರಿಂದ ಹೆಸರನ್ನಲ್ಲ, ಸಂಖ್ಯೆಯನ್ನು ಕೇಳಬೇಕು. ಬಂಡಿಗೆ ಬೇಕಾದ ಸಂಖ್ಯೆ ಅದರ ಕೈಪಿಡಿಯಲ್ಲಿರುವುದು. ಅನೇಕ ವೇಳೆ ಟ್ಯಾಂಕಿನ ಮುಚ್ಚಳದ ಒಳಮೈಯಲ್ಲಿಯೂ ಬರೆದಿರುವುದುಂಟು.