ಹಳೆಯ ಮರಕ್ಕೆ ಹೊಸ ಬಣ್ಣ

ಒಬ್ಬರು ಬಳಸಿ ಬಿಟ್ಟ ಮರದ ಸಾಮಾನನ್ನು ಅಲ್ಪ ಬೆಲೆಗೆ ಕೊಂಡು, ಬಣ್ಣ ಬಳಿದು, ಮನೆಗೆ ಒಪ್ಪುವಂತೆ ಮಾಡಿಕೊಳ್ಳುವುದು ಮಿತವ್ಯಯದ ಮಾರ್ಗಗಳಲ್ಲೊಂದು. ಬೆಂಗಳೂರಿನ ಮಡಿವಾಳದಂತಹ, ಬಾಡಿಗೆ ಮನೆಗಳೇ ಹೆಚ್ಚಾಗಿರುವ ಭಾಗದಲ್ಲಿ ಇದರ ಪ್ರಯೋಜನವನ್ನು ವಿವರಿಸಬೇಕಾದುದಿಲ್ಲ. ಉದ್ಯೋಗ ನಿಮಿತ್ತ ಬಂದವರು ಊರು ಬಿಡುವಾಗ ಮೇಜು, ಕುರ್ಚಿ, ಮಂಚಗಳನ್ನು ಬಂದಷ್ಟಕ್ಕೆ ಮಾರುತ್ತಾರೆ. ಹೊಸದಾಗಿ ಸಂಸಾರ ಹೂಡುವವರು ಅವನ್ನು ಕೊಳ್ಳುತ್ತಾರೆ.

ಮಡಿವಾಳನೆಂದರೆ ಬಟ್ಟೆಯನ್ನು ಮಡಿ ಮಾಡುವವನು. ಅವನು ಕೊಳೆಯ ಮೇಲೆ ನೀಲಿ ಹಾಕುವುದಿಲ್ಲ. ಮೊದಲು ಒಗೆಯುತ್ತಾನೆ, ನೀಲಿಯೇನಿದ್ದರೂ ಅನಂತರ. ಮರದ ವಿಷಯದಲ್ಲಿಯೂ ಕ್ರಮವು ಇದೇ. ಹೊಸ ಬಣ್ಣದ ಗುಣವು ಅದರ ಕೆಳಗಿರುವುದನ್ನು ಅವಲಂಬಿಸಿದೆ.

ಆದುದರಿಂದ ಕೊಳ್ಳುವ ಮೊದಲೇ ಸಾಮಾನನ್ನು ತಿರುಗಿಸಿ, ಅದರ ತಳವನ್ನು ನೋಡಬೇಕು. ಸಣ್ಣ ರಂಧ್ರಗಳಿಂದ ನುಣ್ಣನೆಯ ಹುಡಿ ಉದುರುತ್ತಿದ್ದರೆ ಮರಕ್ಕೆ ಕುಟ್ಟೆ ಹಿಡಿದಿದೆಯೆಂದು ತಿಳಿಯಬೇಕು. ಬಣ್ಣವು ಅದಕ್ಕೆ ಔಷಧವಲ್ಲ. ಕಾಲುಗಳು ಅಲುಗುತ್ತಿದ್ದರೆ ಮೊದಲು ಬಡಗಿಯಿಂದ ಸಂದುಗಳನ್ನು ಬಿಗಿ ಮಾಡಿಸಬೇಕು. ಮರವು ತೇಗವೋ ಬೀಟೆಯೋ ಆಗಿದ್ದರೆ ಬಣ್ಣದ ಯೋಚನೆಯನ್ನೇ ಬಿಡುವುದು ಮೇಲು. ಅದರ ಎಳೆಗಳ ಚೆಲುವನ್ನು ಮುಚ್ಚುವುದಕ್ಕಿಂತ, ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗಿನ ಮೆರುಗನ್ನು ಕೊಡುವುದು ಲೇಸು. ಅರಗು ನಮ್ಮ ನಾಡಿಗೆ ಹೊಸದಲ್ಲ. ಚನ್ನಪಟ್ಟಣದ ಗೊಂಬೆಗಳಿಗೆ ಬಣ್ಣ ಕೂಡುವುದು ಅರಗಿನಿಂದಲೇ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರ ಆಳ್ವಿಕೆಯಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಬಣ್ಣದ ಕಾರ್ಖಾನೆಯ ಹೆಸರಿನಲ್ಲಿಯೂ ಅರಗು ಸೇರಿತ್ತು.

ಇನ್ನು ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ಹಳೆಯ ಸಾಮಾನಿನ ಮೇಲೆ ಹಿಂದಿನವರು ಬಳಿದ ಬಣ್ಣವಿದ್ದರೆ ಅದರಲ್ಲಿ ಸೀಸವಿರಬಹುದು. ಬಣ್ಣವು ಹೊಳೆಯಲೆಂದೂ, ಬೇಗ ಒಣಗಲೆಂದೂ, ತೇವವನ್ನು ತಡೆಯಲೆಂದೂ ತಯಾರಕರು ಸೀಸವನ್ನು ಬೆರೆಸುತ್ತಿದ್ದರು. ಗಾಢವಾದ ಹಳದಿ, ಕೆಂಪು ಬಣ್ಣಗಳಲ್ಲಿ ಇದು ವಿಶೇಷ. ನಮ್ಮ ದೇಶದಲ್ಲಿ 2016ರಲ್ಲಿ ಪ್ರಕಟವಾಗಿ 2017ರ ನವೆಂಬರ್ 1ರಿಂದ ಜಾರಿಗೆ ಬಂದ ನಿಯಮಗಳು, ಗೃಹೋಪಯೋಗಿ ಬಣ್ಣದಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಕೂಡದೆಂದು ವಿಧಿಸಿವೆ. ಆದರೆ ಅದಕ್ಕೂ ಹಿಂದಿನ ಮಂಚ, ತೊಟ್ಟಿಲುಗಳು ಈ ನಿಯಮವನ್ನು ಅರಿಯವು.

ಗಟ್ಟಿಯಾಗಿ ಅಂಟಿರುವ ಬಣ್ಣದಿಂದ ಭಯವು ಕಡಮೆ. ಹೊಸ ರೂಪ ಕೊಡುವ ಉತ್ಸಾಹದಲ್ಲಿ ಅದನ್ನು ಒಣಗಿದಂತೆಯೇ ಉಜ್ಜಿದಾಗ ಏಳುವ ಧೂಳೇ ಅಪಾಯದ ಮೂಲ. ಆ ಧೂಳು ನೆಲದ ಮೇಲೆ ಕೂರುತ್ತದೆ. ಅಂಬೆಗಾಲಿಡುವ ಮಗುವಿನ ಕೈಗೆ ಹತ್ತಿ ಬಾಯಿಗೆ ಹೋಗುತ್ತದೆ. ಒಳಹೊಕ್ಕ ಸೀಸವನ್ನು ಮಕ್ಕಳ ದೇಹವು ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚಾಗಿ ಹೀರಬಲ್ಲದು. ಅದರಿಂದ ಬುದ್ಧಿಯ ಬೆಳವಣಿಗೆಗೆ ಆಗುವ ಹಾನಿ ಮತ್ತೆ ಸರಿಹೋಗುವಂತಹುದಲ್ಲ. ಮಡಿವಾಳಕ್ಕೆ ಸಮೀಪದಲ್ಲಿರುವ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಡಾಕ್ಟರ್ ತುಪ್ಪಿಲ್ ವೆಂಕಟೇಶ್ ಅವರು ಸೀಸದ ಈ ವಿಷವನ್ನು ಕುರಿತು ಜನರನ್ನು ಎಚ್ಚರಿಸಲು ಬಹುಕಾಲ ದುಡಿದರು.

ಸೀಸವಿದೆಯೋ ಇಲ್ಲವೋ ಕಣ್ಣಿಗೆ ಕಾಣದು. ಸಂಶಯವಿದ್ದಲ್ಲಿ ಇದೆಯೆಂದೇ ಭಾವಿಸಿ ನಡೆಯುವುದು ವಿವೇಕ. ಹಳೆಯ ಬಣ್ಣವನ್ನು ಬೆಂಕಿಯಿಂದ ಸುಡಕೂಡದು. ಒಣ ಉಪ್ಪುಕಾಗದದಿಂದ ಉಜ್ಜಕೂಡದು. ಮಕ್ಕಳನ್ನೂ ಗರ್ಭಿಣಿಯರನ್ನೂ ದೂರವಿರಿಸಿ, ಗಾಳಿಯಾಡುವ ಕಡೆ ಪ್ಲಾಸ್ಟಿಕ್ ಹಾಳೆ ಹಾಸಿ, ಮೂಗು ಬಾಯಿಗಳಿಗೆ ತಕ್ಕ ಕವಚ ತೊಟ್ಟು, ನೀರು ತಾಳುವ ಉಪ್ಪುಕಾಗದವನ್ನು ನೆನೆಸಿ, ಹೊಳಪು ಹೋಗುವಷ್ಟು ಮಾತ್ರ ಉಜ್ಜಬೇಕು. ಹಳೆಯ ಬಣ್ಣವು ಬಿಗಿಯಾಗಿದ್ದರೆ ಪೂರ್ತಿ ಕೀಳುವ ಅವಶ್ಯಕತೆಯಿಲ್ಲ. ಉಳಿದ ಕೆಸರನ್ನು ಒದ್ದೆ ಬಟ್ಟೆಯಿಂದ ಒರೆಸಿ, ಚೀಲದಲ್ಲಿ ಕಟ್ಟಿ, ಹಾನಿಕರ ಕಸವೆಂದು ಬೇರೆಯಾಗಿ ಕೊಡಬೇಕು. ಮಗುವು ಕಚ್ಚಬಹುದಾದ ತೊಟ್ಟಿಲಿನ ಕಂಬಿಯಲ್ಲಿ ಹಳೆಯ ಬಣ್ಣವಿದ್ದರೆ ಅಂತಹ ತೊಟ್ಟಿಲನ್ನು ಕೊಳ್ಳದಿರುವುದೇ ಒಳ್ಳೆಯದು.

ಮರವು ಚೆನ್ನಾಗಿ ಒಣಗಿದ ಮೇಲೆ ಬಿರುಕುಗಳಿಗೆ ಪುಟ್ಟಿ ತುಂಬಿ, ಮೊದಲು ಪ್ರೈಮರನ್ನು ಒಂದು ಸಲ ಬಳಿಯಬೇಕು. ಅನಂತರ, ಡಬ್ಬಿಯ ಮೇಲೆ ಸೀಸದ ಮಿತಿಯನ್ನು ನಮೂದಿಸಿರುವ ಬಣ್ಣವನ್ನು ಮರದ ಎಳೆಯ ದಿಕ್ಕಿನಲ್ಲಿ ತೆಳುವಾಗಿ ಎರಡು ಸಲ ಬಳಿದರೆ ಸಾಕು. ಒಂದೇ ಸಲ ದಪ್ಪನಾಗಿ ಬಳಿದದ್ದು ಇಳಿಬೀಳುತ್ತದೆ, ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಮಳೆಗಾಲದಲ್ಲಿ ಒಂದು ಲೇಪಕ್ಕೂ ಇನ್ನೊಂದಕ್ಕೂ ನಡುವೆ ಹೆಚ್ಚು ಕಾಲ ಬಿಡುವುದು ಅವಶ್ಯಕ.

ಇಷ್ಟು ಶ್ರಮವೇಕೆ, ಹೊಸದನ್ನೇ ಕೊಳ್ಳಬಹುದಲ್ಲ ಎಂದು ಕೆಲವರು ಕೇಳಿಯಾರು. ಗಟ್ಟಿಯಾದ ಹಳೆಯ ಮೇಜು ಇನ್ನೊಂದು ತಲೆಮಾರಿಗೆ ಒದಗೀತು. ಅದಕ್ಕಾಗಿ ಬೇರೊಂದು ಮರವನ್ನು ಕಡಿಯಬೇಕಾಗಿಲ್ಲ. ಆದರೆ ಉಳಿತಾಯದ ಲೆಕ್ಕ ಹಾಕುವಾಗ ಹಣದೊಡನೆ ಮನೆಯ ಮಕ್ಕಳ ಆರೋಗ್ಯವನ್ನೂ ಸೇರಿಸಿ ಎಣಿಸುವುದು ಗೃಹಸ್ಥರಾದವರ ಕರ್ತವ್ಯ.