ಗುಂಡಿ ತುಂಬಿದ ಮೇಲೆ ಎಲ್ಲಿಗೆ?

ಊಟ ಮಾಡ್ತಾ ಕೇಳ್ತಿದ್ರೆ ಪಾಸ್ ಮಾಡಿ, ಆಮೇಲೆ ಬನ್ನಿ!

ಹೋದ ಮಳೆಗಾಲದಲ್ಲಿ ಚನ್ನಗಿರಿಯ ನಮ್ಮ ಮನೆಯ ಶೌಚಗುಂಡಿ ತುಂಬಿತು. ಸಕ್ಕಿಂಗ್ ಗಾಡಿ ಬಂದು ಅರ್ಧ ಗಂಟೆಯಲ್ಲಿ ಖಾಲಿ ಮಾಡ್ತು. "ಅಣ್ಣಾ, ಇದನ್ನ ಎಲ್ಲಿ ಸುರೀತೀರಿ?" ಅಂತ ಕೇಳಿದೆ. "ಯಾರಾದ್ರೂ ತೋಟದವರು ಕೇಳ್ತಾರೆ, ಇಲ್ಲಾಂದ್ರೆ ಹಳ್ಳ ಇದೆಯಲ್ಲ" ಅಂದರು. ಶೌಚಾಲಯ ಕಟ್ಟಿಸಿದ್ದೇನೋ ಸರಿ, ಕೊಳೆ ಮಾತ್ರ ಹಳ್ಳಕ್ಕೇ ಹೋಯ್ತು.

ಹೊನ್ನಾಳಿ ತುಂಗಭದ್ರೆಯ ದಡದಲ್ಲಿದೆ, ಜಗಳೂರು ಬರದ ಸೀಮೆ, ನ್ಯಾಮತಿ ಹೊಸ ತಾಲ್ಲೂಕು. ಎಲ್ಲ ಕಡೆ ಕೇಳಬೇಕಾದ ಪ್ರಶ್ನೆ ಇದೇ.

ಇದಕ್ಕೆ ಉತ್ತರ ನಮ್ಮ ರಾಜ್ಯದಲ್ಲೇ ಇದೆ. ದೇವನಹಳ್ಳಿಯಲ್ಲಿ 2015ರಲ್ಲಿ ಮಲತ್ಯಾಜ್ಯ ಸಂಸ್ಕರಣಾ ಘಟಕ ಶುರುವಾಯ್ತು. ಟ್ಯಾಂಕರ್ ಹಳ್ಳಕ್ಕೆ ಹೋಗೋ ಬದಲು ಅಲ್ಲಿಗೆ ಬರುತ್ತೆ. ಹೂಳು ಮುಚ್ಚಿದ ತೊಟ್ಟಿಯಲ್ಲಿ ಕೊಳೆತು, ಹಾಸಿನ ಮೇಲೆ ಒಣಗಿ, ಊರಿನ ಹಸಿ ಕಸದ ಜೊತೆ ಸೇರಿ ಗೊಬ್ಬರವಾಗುತ್ತೆ. ಬಸಿದ ನೀರನ್ನ ಜಲ್ಲಿ, ಗಿಡಗಳ ಮೂಲಕ ಸೋಸ್ತಾರೆ. ದೊಡ್ಡ ಯಂತ್ರ ಬೇಕಿಲ್ಲ. ಇಳಿಜಾರೇ ಹೆಚ್ಚಿನ ಕೆಲಸ ಮಾಡುತ್ತೆ.

ಮನೆಮಟ್ಟಿಗೆ ಅವಳಿ ಗುಂಡಿ ಇನ್ನೂ ಸುಲಭ. ಒಂದು ತುಂಬಿದ್ರೆ ಇನ್ನೊಂದಕ್ಕೆ ತಿರುಗಿಸೋದು. ಮೊದಲನೆಯದನ್ನ ಎರಡು ವರ್ಷ ಮುಟ್ಟಬಾರದು; ಅಷ್ಟರಲ್ಲಿ ಮಣ್ಣಿನಂಥ ಗೊಬ್ಬರ. ಬಾವಿ, ಬೋರ್‌ವೆಲ್‌ನಿಂದ ದೂರ ಇರಲಿ, ಅಷ್ಟೆ. ಮುಖ್ಯವಾಗಿ, ಒಳಗೆ ಮನುಷ್ಯ ಇಳಿಯೋ ಮಾತೇ ಇಲ್ಲ. ಹಾಗೆ ಇಳಿಸೋದನ್ನ 2013ರ ಕಾನೂನು ನಿಷೇಧಿಸಿದೆ.

ಎರಡನೇ ಗುಂಡಿಗೆ ಜಾಗ ಗುರುತು ಹಾಕಿದ್ದೀನಿ. ಅಪ್ಪ ಇನ್ನೂ ಒಪ್ಪಿಲ್ಲ. ಅಲ್ಲಿ ಅವರ ಕರಿಬೇವಿನ ಗಿಡ ಇದೆ.